ಹಾರೂದೇನೋ ಖರೆ, ಇಳಿಯೂದು ಎಲ್ಲಿ?

2024ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ಝಳಕಿ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಇಂಡಿ ತಾಲೂಕಿನಲ್ಲಿ, ಬಸ್ಸು ಎರಡು ನಿಮಿಷ ನಿಂತು ಹೊರಡುವ ಊರು. ಪೂರ್ವಕ್ಕೆ ಹೊರಳಿದರೆ ಇಂಡಿ, ಪಶ್ಚಿಮಕ್ಕೆ ಹೊರಳಿದರೆ ಚಡಚಣ, ನೆಟ್ಟಗೆ ಹೋದರೆ ಧೂಳಖೇಡದ ಹತ್ತಿರ ಭೀಮಾ ಹೊಳೆ ದಾಟಿ ಮಹಾರಾಷ್ಟ್ರ. ಹೀಗಾಗಿ ಹೊರಗಿನವರಿಗೆ ನಮ್ಮೂರು ಊರಲ್ಲ, ‘ಝಳಕಿ ಕ್ರಾಸ್’.

ಕಾಕಾ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನನ್ನ ನೋಡಿದವರೇ ಶುರು ಮಾಡಿದರು.

‘ತಮ್ಮಾ, ನಿಮ್ಮ ಬೆಂಗಳೂರಾಗ ಹಾರೂ ಟ್ಯಾಕ್ಸಿ ಬರತೈತಂತಲ್ಲ. ಇಂದಿರಾನಗರದಿಂದ ಏರ್‌ಪೋರ್ಟಿಗೆ ಐದ ಮಿನಿಟು ಅಂತ ಬರದಾರ. ಖರೇನು?’

‘ಹೌದು ಕಾಕಾ, ಹಂಗ ಅಂದಾಜು ಮಾಡ್ಯಾರ.’

‘ಹಾರೂದೇನೋ ಖರೆ. ಇಳಿಯೂದು ಎಲ್ಲಿ?’

ನಾನು ನಕ್ಕುಬಿಟ್ಟೆ. ಆದರೆ ಮರುದಿನ ರಾತ್ರಿ ಬೆಂಗಳೂರು ಬಸ್ಸಿಗೆ ಕ್ರಾಸಿನಲ್ಲಿ, ಕತ್ತಲಲ್ಲಿ, ಬ್ಯಾಗ್ ಹಿಡಿದು ನಿಂತಾಗ ಆ ಪ್ರಶ್ನೆ ಕಾಡತೊಡಗಿತು. ಆವತ್ತಿನಿಂದ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಬಂದೆ. ಓದಿದಷ್ಟೂ ಒಂದು ಮಾತು ಸ್ಪಷ್ಟವಾಯಿತು. ಕಾಕಾನ ಪ್ರಶ್ನೆ ಹೊಸದಲ್ಲ, ನಮ್ಮ ಸೀಮೆಯಲ್ಲೇ ಅದಕ್ಕೆ ನೂರನಲವತ್ತು ವರ್ಷ ವಯಸ್ಸಾಗಿದೆ!

*

1884. ಸದರ್ನ್ ಮರಾಠಾ ರೈಲ್ವೆ ಕಂಪನಿ ಹೊಟಗಿಯಿಂದ ಬಿಜಾಪುರದ ಮೇಲೆ ಗದಗಿನವರೆಗೆ ಮೀಟರ್ ಗೇಜ್ ಹಳಿ ಹಾಕಿತು. 1876-78ರ ಬರದಲ್ಲಿ ಬಿಜಾಪುರ ಸೀಮೆ ಸತ್ತು ಸುಣ್ಣವಾಗಿತ್ತು. ಧಾನ್ಯ ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯೇ ಇರಲಿಲ್ಲ. ಅಂಥ ಬರ ಮತ್ತೆ ಬಂದರೆ ಕಾಳು ಸಾಗಿಸಬೇಕು ಅನ್ನೋದೂ ಈ ರೈಲಿನ ಉದ್ದೇಶಗಳಲ್ಲಿ ಒಂದು.

ರೈಲೇನೋ ಬಂತು. ನಿಂತದ್ದೆಲ್ಲಿ? ನಿಂಬಾಳದಲ್ಲಿ ನಿಂತಿತು, ಲಚ್ಯಾಣದಲ್ಲಿ ನಿಂತಿತು, ತಾಲೂಕಿನ ಮುಖ್ಯ ಊರು ಇಂಡಿಗೆ ಮಾತ್ರ ಬರಲಿಲ್ಲ. ಊರಿಂದ ಎಷ್ಟೋ ಕಿಲೋಮೀಟರ್ ದೂರ, ಹೊಲಗಳ ನಡುವೆ ಒಂದು ಸ್ಟೇಶನ್ ಕಟ್ಟಿದರು. ಅದಕ್ಕೆ ಹೆಸರು ‘ಇಂಡಿ ರೋಡ್’. ಹೆಸರಲ್ಲೇ ತಪ್ಪೊಪ್ಪಿಗೆ ಇದೆ ನೋಡಿ :) ಇದು ಇಂಡಿ ಅಲ್ಲ, ಇಂಡಿಗೆ ಹೋಗುವ ರಸ್ತೆ ಮಾತ್ರ, ಮುಂದಿನದು ನಿಮ್ಮ ಕಾಲು ನಿಮ್ಮ ಬಂಡಿ ಅಂತ. ಇದೊಂದೇ ಅಲ್ಲ. ಅಕ್ಕಲಕೋಟ ರೋಡ್, ಮಳಖೇಡ ರೋಡ್, ಮಂತ್ರಾಲಯಂ ರೋಡ್, ದಕ್ಷಿಣದಲ್ಲಿ ಸುಬ್ರಹ್ಮಣ್ಯ ರೋಡ್... ಹಳಿ ಹಾಕುವವನಿಗೆ ಇಳಿಜಾರು, ಸೇತುವೆ, ಖರ್ಚಿನ ಲೆಕ್ಕ ಮುಖ್ಯ. ಊರವನಿಗೆ ಮನೆ ಬಾಗಿಲು ಮುಖ್ಯ. ಎರಡೂ ಕೂಡದ ಕಡೆ ‘ರೋಡ್’ ಅನ್ನುವ ಬಾಲ ಹುಟ್ಟಿಕೊಂಡಿತು.

ಆಮೇಲೆ ಆದದ್ದು ಗೊತ್ತೇ ಇದೆ. ಮೋಟಾರು ಬಂತು, ಬಸ್ಸು ಬಂತು, ಮನೆ ಹತ್ತಿರಕ್ಕೆ ಬಂತು. ಹಳಿಯೇ ಇಲ್ಲದ ನಮ್ಮ ಝಳಕಿ ರಸ್ತೆ ಕೂಡುವ ಜಾಗವಾಗಿದ್ದಕ್ಕೆ ಬೆಳೆಯಿತು. ಕ್ರಾಸಿನಲ್ಲಿ ಮೊದಲು ಚಹಾದಂಗಡಿ, ಆಮೇಲೆ ಪಂಕ್ಚರ್ ಅಂಗಡಿ, ಖಾನಾವಳಿ. ಹೆದ್ದಾರಿಯ ನಂಬರ್ 13 ಹೋಗಿ 52 ಆಯಿತು, ರಸ್ತೆ ಅಗಲವಾಯಿತು. ಯಾರೂ ನಕ್ಷೆ ಬರೆದು ಇದನ್ನು ನಿಲ್ದಾಣ ಮಾಡಲಿಲ್ಲ. ಜನ ನಿಂತರು, ಅದಕ್ಕೆ ಬಸ್ಸೂ ನಿಂತಿತು.

*

ಈಗ ಆಕಾಶಕ್ಕೆ ಬರೋಣ. ಅಲ್ಲೂ ನಮ್ಮ ಸೀಮೆಯ ನಂಟಿದೆ.

ನಮ್ಮೂರವರು ಬಟ್ಟೆಗೆ, ದವಾಖಾನೆಗೆ, ಸಿದ್ಧೇಶ್ವರ ಜಾತ್ರೆಗೆ ಹೋಗುವ ಸೊಲ್ಲಾಪುರದಲ್ಲಿ 1882ರಲ್ಲಿ ವಾಲ್‌ಚಂದ್ ಹಿರಾಚಂದ್ ಹುಟ್ಟಿದರು. ಹಡಗು, ಸಕ್ಕರೆ, ಮೋಟಾರು ಎಲ್ಲಕ್ಕೂ ಕೈಹಾಕಿದ ಮನುಷ್ಯ. 1939ರಲ್ಲಿ ವಿಮಾನ ಪ್ರಯಾಣದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಭೇಟಿಯಾಯಿತು. ಆತ ಚೀನಾದಲ್ಲಿ ವಿಮಾನದ ಕಾರ್ಖಾನೆ ನಡೆಸುತ್ತಿದ್ದ. ಇಂಡಿಯಾದಲ್ಲೂ ಯಾಕೆ ಆಗಬಾರದು ಅಂತ ವಾಲ್‌ಚಂದ್ ಹಟ ಹಿಡಿದರು. ಮೈಸೂರು ಸಂಸ್ಥಾನ ಕೈಜೋಡಿಸಿತು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಸಂಸ್ಥಾನ ಜಾಗವನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ 1905ರಲ್ಲೇ ಬಂದಿತ್ತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಅದೇ ಮುಂದೆ ಎಚ್‌ಎಎಲ್ ಆದದ್ದು.

ಇಲ್ಲಿ ಗಮನಿಸಬೇಕಾದದ್ದು ಜಾಗ, ಕರೆಂಟು ಮತ್ತು ಸರ್ಕಾರದ ಮನಸ್ಸು. ಮೂರೂ ಕೂಡಿದ ಕಡೆ ವಿಮಾನ ಇಳಿಯಿತು. ಸೊಲ್ಲಾಪುರದವರ ಕನಸು ಬೆಂಗಳೂರಿನಲ್ಲಿ ಇಳಿದದ್ದು ಹೀಗೆ.

ಕಾರ್ಖಾನೆಯ ಆ ವಿಮಾನ ನಿಲ್ದಾಣವೇ ಬೆಂಗಳೂರಿಗರಿಗೆ ದಶಕಗಳ ಕಾಲ ಏರ್‌ಪೋರ್ಟ್ ಆಗಿತ್ತು. ಊರ ಹೊರಗೆ ಅಂತ ಕಟ್ಟಿದ್ದು, ಊರು ಬೆಳೆದು ಊರೊಳಗೇ ಸೇರಿಕೊಂಡಿತು. 2008ರ ಮೇ 24ರಂದು ದೇವನಹಳ್ಳಿ ಬಳಿ ಹೊಸದು ಶುರುವಾಯಿತು. ಹೊಸ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಸುತ್ತ ಇನ್ನೊಂದು ಬೇಡ ಎಂಬ ಷರತ್ತಿತ್ತು, ಹಾಗಾಗಿ ಹಳೆಯದರಲ್ಲಿ ಮಾಮೂಲು ವಿಮಾನಗಳು ನಿಂತವು. ಆಗ ಬ್ಲಾಗುಗಳಲ್ಲಿ ಎಷ್ಟು ಜಗಳವಾಗಿತ್ತು, ಹಳಬರಿಗೆ ನೆನಪಿರಬಹುದು! ಹುಬ್ಬಳ್ಳಿಯಿಂದ ಹಾರಿ ಬರಲು ಒಂದು ಗಂಟೆ, ಏರ್‌ಪೋರ್ಟಿನಿಂದ ಜಯನಗರಕ್ಕೆ ಎರಡು ಗಂಟೆ ಅಂತ ಜನ ಬೈದುಕೊಂಡಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ದೇವನಹಳ್ಳಿಯದ್ದು ‘ಬೆಂಗಳೂರು ರೋಡ್’ ವಿಮಾನ ನಿಲ್ದಾಣ.

ಹಾರುವ ಟ್ಯಾಕ್ಸಿಯ ಆಸೆ ಹುಟ್ಟಿದ್ದು ಈ ‘ರೋಡ್’ ಅನ್ನು ಅಳಿಸಲಿಕ್ಕೆ. 2018ರ ಮಾರ್ಚಿನಲ್ಲಿ ಏರ್‌ಪೋರ್ಟಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ ಹೆಲಿಟ್ಯಾಕ್ಸಿ ಶುರುವಾಯಿತು. ಸುಮಾರು ಕಾಲು ಗಂಟೆ ಹಾರಾಟ, ತೆರಿಗೆ ಬಿಟ್ಟು 3,500 ರೂಪಾಯಿ. ಹೆಚ್ಚು ಕಾಲ ಬಾಳಲಿಲ್ಲ. 2022ರ ಅಕ್ಟೋಬರಿನಲ್ಲಿ ಬ್ಲೇಡ್ ಕಂಪನಿ ಇನ್ನೊಮ್ಮೆ ಕೈಹಾಕಿತು. ಹನ್ನೆರಡು ನಿಮಿಷ, ತೆರಿಗೆ ಬಿಟ್ಟು 3,250 ರೂಪಾಯಿ. ಎಲ್ಲಿಂದ ಎಲ್ಲಿಗೆ ಗೊತ್ತೇ? ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ! ಹದಿನಾಲ್ಕು ವರ್ಷದ ಹಿಂದೆ ಮುಚ್ಚಿದ ಏರ್‌ಪೋರ್ಟಿಗೆ ಹೋಗಿ, ಅಲ್ಲಿಂದ ಹಾರಿ, ಹೊಸ ಏರ್‌ಪೋರ್ಟಿಗೆ ಹೋಗುವುದು. ಇಳಿಯಲು ಊರೊಳಗೆ ಬೇರೆ ಜಾಗ ಸಿಗುವುದು ಎಷ್ಟು ಕಷ್ಟ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದೇ ದೇವನಹಳ್ಳಿಗೆ 2021ರ ಜನವರಿಯಲ್ಲಿ ಇನ್ನೊಂದು ನಿಲ್ದಾಣ ಬಂತು. ಹಳೇ ಹಳಿಯ ಪಕ್ಕ ಒಂದು ಸಣ್ಣ ರೈಲ್ವೆ ಹಾಲ್ಟ್. ಹೆಲಿಕಾಪ್ಟರಿನ ಟಿಕೆಟ್ಟಿನ ಮುಂದೆ ರೈಲಿನ ಟಿಕೆಟ್ಟು ಚಿಲ್ಲರೆ ದುಡ್ಡು. ಆದರೆ ಅದರ ಸುದ್ದಿ ಪೇಪರಿನ ಮೊದಲ ಪುಟಕ್ಕೆ ಬರುವುದು ಕಡಿಮೆ.

*

ಮಹಡಿ ಮೇಲೆ ಇಳಿಸಿದರಾಯ್ತಲ್ಲ ಅನ್ನಬಹುದು. ನ್ಯೂಯಾರ್ಕಿನವರು ಅದನ್ನೂ ಮಾಡಿ ನೋಡಿದ್ದಾರೆ.

1965ರ ಡಿಸೆಂಬರಿನಲ್ಲಿ ಅಲ್ಲಿನ 59 ಅಂತಸ್ತಿನ ಪ್ಯಾನ್ ಆಮ್ ಕಟ್ಟಡದ ನೆತ್ತಿಯ ಮೇಲಿಂದ ಕೆನಡಿ ಏರ್‌ಪೋರ್ಟಿಗೆ ಹೆಲಿಕಾಪ್ಟರ್ ಹಾರತೊಡಗಿತು. ಹತ್ತು ನಿಮಿಷದೊಳಗಿನ ದಾರಿ. ಕೆಳಗೆ ನೋಡಿದರೆ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ಸ್ಟೇಶನ್. ರೈಲು, ಕಚೇರಿ, ಆಕಾಶ ಮೂರೂ ಒಂದೇ ಕಂಬಕ್ಕೆ ಕಟ್ಟಿದ ಹಾಗೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ನಿಲ್ದಾಣ ಇನ್ನೊಂದಿರಲಿಲ್ಲ. 1968ರಲ್ಲಿ ಗಿಟ್ಟದೆ ನಿಂತಿತು. 1977ರ ಫೆಬ್ರವರಿಯಲ್ಲಿ ಮತ್ತೆ ಶುರು ಮಾಡಿದರು. ಅದೇ ಮೇ 16ರಂದು ಮೇಲೆ ನಿಂತಿದ್ದ ಹೆಲಿಕಾಪ್ಟರಿನ ಗಾಲಿಯ ಕಾಲು ಲೋಹದ ದಣಿವಿನಿಂದ ಮುರಿಯಿತು. ಜನ ಹತ್ತುತ್ತಿದ್ದರು, ರೆಕ್ಕೆ ತಿರುಗುತ್ತಲೇ ಇತ್ತು. ಹೆಲಿಕಾಪ್ಟರ್ ಮಗುಚಿ ಬಿತ್ತು. ಮೇಲೆ ನಾಲ್ವರು ಸತ್ತರು. ರೆಕ್ಕೆಯ ತುಂಡೊಂದು ಅಷ್ಟೆತ್ತರದಿಂದ ಹಾರಿ ಕೆಳಗಿನ ಬೀದಿಗೆ ಬಿದ್ದು, ತನ್ನ ಪಾಡಿಗೆ ನಡೆದು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಸತ್ತಳು. ಆ ಮಹಡಿ ಮತ್ತೆ ತೆರೆಯಲಿಲ್ಲ. ಎರಡು ವರ್ಷದಲ್ಲಿ ಆ ಕಂಪನಿಯೂ ಮುಚ್ಚಿತು.

ನನಗೆ ಆ ಐದನೆಯವಳದ್ದೇ ಯೋಚನೆ. ಅವಳ ಕೈಯಲ್ಲಿ ಟಿಕೆಟ್ ಇರಲಿಲ್ಲ. ನಿಲ್ದಾಣದ ನಕ್ಷೆ ಬರೆಯುವವರು ಹತ್ತುವವರನ್ನು ಲೆಕ್ಕ ಹಿಡಿಯುತ್ತಾರೆ, ಕೆಳಗೆ ಬೀದಿಯಲ್ಲಿ ನಡೆಯುವವರನ್ನು ಮರೆಯುತ್ತಾರೆ.

*

ಈಗಿನದ್ದು ಬೇರೆ ಯಂತ್ರ, ನಿಜ. ಒಂದು ದೊಡ್ಡ ರೆಕ್ಕೆಯ ಬದಲು ಹಲವು ಸಣ್ಣ ರೆಕ್ಕೆ, ಪೆಟ್ರೋಲಿನ ಬದಲು ಬ್ಯಾಟರಿ, ಸದ್ದೂ ಕಡಿಮೆ. ನೆಟ್ಟಗೆ ಮೇಲೇರಿ ಆಮೇಲೆ ವಿಮಾನದ ಹಾಗೆ ಮುಂದಕ್ಕೆ ಹಾರುತ್ತದೆ. ಕಾಕಾ ಓದಿದ ಸುದ್ದಿ ಬೆಂಗಳೂರಿನ ಸರಳಾ ಏವಿಯೇಷನ್ ಕಂಪನಿಯದ್ದು. ಅದು 2024ರ ಅಕ್ಟೋಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಜೊತೆ ಒಡಂಬಡಿಕೆ ಮಾಡಿಕೊಂಡಿತ್ತು. ಇಂದಿರಾನಗರದಿಂದ ಐದು ನಿಮಿಷ, 1,700 ರೂಪಾಯಿ ಅಂತ ಪತ್ರಿಕೆಗಳು ಅಂದಾಜು ಬರೆದವು. ಹೆಸರು 1936ರಲ್ಲಿ ವಿಮಾನದ ಲೈಸೆನ್ಸ್ ಪಡೆದ ಸರಳಾ ಠಕ್ರಾಲ್ ಅವರದ್ದು. 2025ರ ಜನವರಿಯಲ್ಲಿ ದೆಹಲಿಯ ಪ್ರದರ್ಶನದಲ್ಲಿ ಅವರು ತೋರಿಸಿದ ಮಾದರಿಯ ಹೆಸರು ‘ಶೂನ್ಯ’. ಬಸವನ ಬಾಗೇವಾಡಿಯ ಜಿಲ್ಲೆಯವರಾದ ನಮಗೆ ಆ ಶಬ್ದ ಕೇಳಿದರೆ ನೆನಪಾಗುವುದೇ ಬೇರೆ, ಇರಲಿ :) ಆರು ಜನರನ್ನು ಹೊತ್ತು, ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ, ಹೆಚ್ಚೆಂದರೆ 160 ಕಿಲೋಮೀಟರ್ ಹಾರಬಲ್ಲದು, ಆದರೆ 20-30 ಕಿಲೋಮೀಟರಿನ ಸಣ್ಣ ಪಯಣಕ್ಕೆಂದೇ ಮಾಡಿದ್ದು ಅಂತ ಹೇಳಿದರು. 2028ಕ್ಕೆ ಸೇವೆ ಶುರು ಮಾಡುವ ಗುರಿ ಅಂದರು.

ಇವು ಇಳಿಯುವ ಜಾಗಕ್ಕೆ ‘ವರ್ಟಿಪೋರ್ಟ್’ ಅನ್ನುತ್ತಾರೆ. ಅಮೆರಿಕದ ವಿಮಾನಯಾನ ಇಲಾಖೆ 2022ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿತು. ನಮ್ಮ ಡಿಜಿಸಿಎ ಕೂಡ 2024ರಲ್ಲಿ ಮಾರ್ಗಸೂಚಿ ತಂದಿತು. ಅಮೆರಿಕದ ಲೆಕ್ಕ ಹೀಗಿತ್ತು. ಯಂತ್ರದ ಅತಿ ಅಗಲ ಎಷ್ಟೋ, ಅದು ನೆಲ ಮುಟ್ಟುವ ಕಟ್ಟೆ ಅಷ್ಟು. ಬಂದು ಇಳಿಯುವ ಅಂಗಳ ಅದರ ಎರಡರಷ್ಟು. ಸುತ್ತಲಿನ ರಕ್ಷಣೆಯ ಜಾಗ ಸೇರಿದರೆ ಎರಡೂವರೆ ಪಟ್ಟು. ಯಂತ್ರ 15 ಮೀಟರ್ ಅಂತ ಹಿಡಿದರೆ, ಬದಿಗೆ ಮೂವತ್ತೇಳೂವರೆ ಮೀಟರಿನ ಚೌಕ. ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಗುಂಟೆ. ಇಷ್ಟು ಒಂದೇ ಒಂದು ಟ್ಯಾಕ್ಸಿ ಇಳಿಯಲಿಕ್ಕೆ! ಚಾರ್ಜ್ ಮಾಡುವಾಗ ನಿಲ್ಲಿಸುವ ಜಾಗ ಬೇರೆ, ಜನ ಕೂರುವುದು ಬೇರೆ, ಆಟೋ, ಬಸ್ಸು ಬಂದು ನಿಲ್ಲುವುದು ಬೇರೆ, ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವ ವ್ಯವಸ್ಥೆ ಬೇರೆ.

ಕರೆಂಟಿನ ಲೆಕ್ಕವೂ ಇದೆ. ಇಳಿದ ಟ್ಯಾಕ್ಸಿ ಕೆಲವೇ ನಿಮಿಷದಲ್ಲಿ ಮತ್ತೆ ಹಾರಬೇಕಾದರೆ ನೂರಾರು ಕಿಲೋವ್ಯಾಟ್ ಬೇಕು. 400 ಅಂತ ಹಿಡಿಯಿರಿ. 5 ಎಚ್‌ಪಿ ಪಂಪ್‌ಸೆಟ್ ನೂರಕ್ಕೂ ಹೆಚ್ಚು ಒಮ್ಮೆಲೇ ಚಾಲೂ ಮಾಡಿದ ಹಾಗೆ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನದ್ದಿದೆ. ಆದರೂ ತ್ರೀ-ಫೇಸ್ ಬಂತೇನೋ ಅಂತ ರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋದ ಜನ ನಾವು. ಇನ್ನು ನಮ್ಮ ಕಡೆಯ ಬಿಸಿಲು. 40 ಡಿಗ್ರಿ ದಾಟಿದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಎತ್ತುವ ಬಲ ಕಡಿಮೆಯಾಗುತ್ತದೆ, ಬ್ಯಾಟರಿಯನ್ನೂ ತಣ್ಣಗಿಡಬೇಕು. ಬೆಂಗಳೂರಿನ ಹವೆಗೆ ಬರೆದ ನಕ್ಷೆ ಇಂಡಿಯ ಮೇ ತಿಂಗಳಿಗೆ ಹೊಂದುವುದಿಲ್ಲ.

*

ಎಲ್ಲಕ್ಕಿಂತ ದೊಡ್ಡ ಪಾಠ ನಮ್ಮ ಪಕ್ಕದಲ್ಲೇ ಇದೆ. ಅದು ಸೊಲ್ಲಾಪುರದ ಚಿಮಣಿ.

ಸೊಲ್ಲಾಪುರದಲ್ಲಿ ವಿಮಾನದ ಪಟ್ಟಿ ಎಷ್ಟೋ ವರ್ಷದಿಂದ ಇತ್ತು. ಉಡಾನ್ ಯೋಜನೆ ಬಂದ ಮೇಲೆ ದಿನವೂ ವಿಮಾನ ಓಡಿಸುವ ಮಾತು ಬಂತು. ಆದರೆ ಹತ್ತಿರದಲ್ಲೇ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ವಿದ್ಯುತ್ ಘಟಕದ ಚಿಮಣಿ, ಸುಮಾರು 90 ಮೀಟರ್ ಎತ್ತರ, ಅಡ್ಡ ಎದ್ದು ನಿಂತಿತ್ತು. ಉಪಕರಣ ನೋಡಿ ಇಳಿಯುವ ರನ್‌ವೇ ಮುಂದೆ ಐವತ್ತು ಮೀಟರ್ ದೂರಕ್ಕೆ ಒಂದು ಮೀಟರಿನಂತೆ ಏರುವ ಬಯಲು ಆಕಾಶ ಬೇಕು. ಊರಿನವರಿಗೆ ವಿಮಾನ ಬೇಕು, ಕಬ್ಬು ಬೆಳೆದವರಿಗೆ ಕಾರ್ಖಾನೆ ಬೇಕು. ವರ್ಷಗಟ್ಟಲೆ ಜಗಳ, ಕೋರ್ಟು, ಮೆರವಣಿಗೆ. ಕೊನೆಗೆ 2023ರ ಜೂನ್ 15ರಂದು ಪೊಲೀಸ್ ಕಾವಲಿನಲ್ಲಿ ಚಿಮಣಿಯನ್ನು ಕೆಡವಿದರು. ನಿಮಿಷವೂ ಹಿಡಿಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆ, 2025ರ ಜೂನಿನಲ್ಲಿ ಗೋವಾಕ್ಕೆ ವಿಮಾನ.

ಯಾರದ್ದು ಸರಿ ಅಂತ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಚಿಮಣಿ ಬಿದ್ದ ದಿನ ಅತ್ತ ರೈತರನ್ನೂ ಪಟಾಕಿ ಹೊಡೆದವರನ್ನೂ ಒಂದೇ ಟೀವಿಯಲ್ಲಿ ನೋಡಿದ ಕಾಕಾ ಎರಡು ದಿನ ಮಾತಾಡಿರಲಿಲ್ಲ. ಅವರೂ ಕಬ್ಬು ಬೆಳೆದವರೇ.

ಹಾರುವ ಟ್ಯಾಕ್ಸಿಗೆ ಅಷ್ಟು ಉದ್ದದ ಬಯಲು ಬೇಡ. ಅಮೆರಿಕದ ಲೆಕ್ಕದಲ್ಲಿ ಎಂಟು ಮೀಟರಿಗೆ ಒಂದು ಮೀಟರ್ ಏರಿದರೆ ಸಾಕು. ಆದರೂ ಅದು ಬಂದು ಹೋಗುವ ದಾರಿಯಲ್ಲಿ 90 ಮೀಟರಿನ ಚಿಮಣಿ ಇದ್ದರೆ ಅದು ಮುಕ್ಕಾಲು ಕಿಲೋಮೀಟರಿನಷ್ಟಾದರೂ ದೂರ ಇರಬೇಕಾಗುತ್ತದೆ. ಅಂದರೆ ಹದಿನಾಲ್ಕು ಗುಂಟೆ ಕೊಂಡವನು ಅಕ್ಕಪಕ್ಕದ ಹೊಲದ ಆಕಾಶವನ್ನೂ ಕೇಳಿದ ಹಾಗೆ. ಪಕ್ಕದವನು ನಾಳೆ ಮೊಬೈಲ್ ಟವರ್ ಹಾಕುವಂತಿಲ್ಲ, ಮೂರಂತಸ್ತು ಎಬ್ಬಿಸುವಂತಿಲ್ಲ. ಅವನಿಗೆ ಯಾರು ಏನು ಕೊಡುತ್ತಾರೆ? ಬೆಂಗಳೂರಿನಂಥ ಊರಲ್ಲಿ ಇಂಥ ಆಕಾಶ ಎಷ್ಟು ಕಡೆ ಉಳಿದಿದೆ? ನಿಲ್ದಾಣ ಕಟ್ಟಿದ ಮೇಲೆ ಚಿಮಣಿ ಕೆಡವುವುದಕ್ಕಿಂತ, ಮೊದಲೇ ಕೂತು ಮಾತಾಡುವುದು ಅಗ್ಗ.

*

ಇಷ್ಟೆಲ್ಲ ಓದಿದವನಿಗೆ ಒಂದು ರಾತ್ರಿ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. 2025ರ ಏಪ್ರಿಲ್. ನಾನು ಊರಲ್ಲೇ ಇದ್ದೆ. ರಾತ್ರಿ ಒಂದೂವರೆಗೆ ಕಾಕಾನಿಗೆ ಎದೆನೋವು. ಮೈಯೆಲ್ಲ ಬೆವರು. ಗಾಡಿ ಹುಡುಕಿ, ಡ್ರೈವರನ್ನು ಎಬ್ಬಿಸಿ ಹೊರಡುವಾಗ ಎರಡೂಕಾಲು. ಹೆದ್ದಾರಿ ಖಾಲಿ. ಸೊಲ್ಲಾಪುರದ ಅಂಚು ಮುಟ್ಟಿದಾಗ ಮೂರು ಗಂಟೆ ಐದು ನಿಮಿಷ. ಮೊದಲು ಹೋದ ದವಾಖಾನೆಯಲ್ಲಿ ಹೃದಯದ ಡಾಕ್ಟರ್ ಇರಲಿಲ್ಲ. ಇನ್ನೊಂದು ಕಡೆ ಹುಡುಕಿಕೊಂಡು ಹೋಗಿ ಹಾಸಿಗೆ ಮೇಲೆ ಮಲಗಿಸಿದಾಗ ಮೂರೂ ನಲವತ್ತು.

ದೇವರು ದೊಡ್ಡವನು, ಕಾಕಾ ಉಳಿದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಲೆಕ್ಕ ಹಾಕಿದೆ. ಒಟ್ಟು 130 ನಿಮಿಷ. ಅದರಲ್ಲಿ ಹೆದ್ದಾರಿಯ ಮೇಲೆ ಕಳೆದದ್ದು 50. ಐವತ್ತು ಕಿಲೋಮೀಟರಿನ ಆ ದಾರಿಯನ್ನು ‘ಶೂನ್ಯ’ದಲ್ಲಿ ಹಾರಿದ್ದರೆ ಹನ್ನೆರಡು ನಿಮಿಷ. ಉಳಿತಾಯ 38. ಕಡಿಮೆಯೇನಲ್ಲ, ಎದೆನೋವಿಗೆ 38 ನಿಮಿಷ ಅಂದರೆ ಜೀವ. ಆದರೆ ಉಳಿದ 80 ನಿಮಿಷ? ಅದು ಇದ್ದಂಗೇ ಇರುತ್ತದೆ. ಅದು ಹೋದದ್ದು ಈ ತುದಿಯಲ್ಲಿ ಗಾಡಿ ಹುಡುಕುವುದರಲ್ಲಿ, ಆ ತುದಿಯಲ್ಲಿ ಬಾಗಿಲು ಹುಡುಕುವುದರಲ್ಲಿ. ಟ್ಯಾಕ್ಸಿ ದವಾಖಾನೆ ಬಿಟ್ಟು ಊರ ಹೊರಗಿನ ಏರ್‌ಪೋರ್ಟಿನಲ್ಲಿ ಇಳಿದರೆ ಅದು ಇನ್ನೂ ಹೆಚ್ಚುತ್ತದೆ. ಅಂದರೆ ‘ಸೊಲ್ಲಾಪುರ ರೋಡ್’!

ಅದಕ್ಕೇ ಈ ಹಾರುವ ಟ್ಯಾಕ್ಸಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಬರಲಿ, ನಾನು ವಿರೋಧಿಯಲ್ಲ. ಆದರೆ ಇಂದಿರಾನಗರದ ಐದು ನಿಮಿಷಕ್ಕಿಂತ ಮೊದಲು ದವಾಖಾನೆಗಳ ಅಂಗಳದಲ್ಲಿ ಜಾಗ ಗುರುತಾಗಲಿ. ನಿಲ್ದಾಣ ಬಸ್ಸು, ರೈಲು ನಿಲ್ಲುವ ಕಡೆಯೇ ಆಗಲಿ, ಮತ್ತೊಂದು ‘ರೋಡ್’ ಬೇಡ. ರೆಕ್ಕೆ ತಿರುಗುವಾಗ ಜನ ಹತ್ತಿರ ಸುಳಿಯದ ಹಾಗೆ ಕಟ್ಟಲಿ. ಬೀದಿಯಲ್ಲಿ ನಡೆಯುವ ಐದನೆಯವಳನ್ನೂ, ಪಕ್ಕದ ಹೊಲದವನನ್ನೂ ಕೇಳಿ ಕಟ್ಟಲಿ.

ಮನೆಗೆ ಬಂದ ಮೇಲೆ ಕಾಕಾನಿಗೆ ಈ ಲೆಕ್ಕವನ್ನೆಲ್ಲ ಹೇಳಿದೆ. ಹದಿನಾಲ್ಕು ಗುಂಟೆಯ ಮಾತು ಬಂದಾಗ ಕಿವಿ ನೆಟ್ಟಗಾಯಿತು.

‘ಕ್ರಾಸಿನ ಬಾಜೂಕ ನಂದ ಐತೆಲ್ಲೋ ಹೊಲ, ಅದರಾಗ ಹದಿನಾಕ ಗುಂಟೆ ಬೇಕಾದರ ಕೊಡತೀನಿ. ವಿಮಾನ ಯಾವಾಗರೆ ಬರಲಿ. ಮೊದಲ ಅಲ್ಲೊಂದು ಶೆಡ್ ಹಾಕಸು, ಒಂದು ಲೈಟ್ ಹಾಕಸು, ರಾತ್ರಿ ಒಂದು ಅಂಬುಲೆನ್ಸ್ ನಿಂದ್ರೂಹಂಗ ಮಾಡು.’

ನಾನು ಹೂಂ ಅಂದೆ. ಮಾಡುವುದು ಹೇಗೆ ಅಂತ ಇನ್ನೂ ಗೊತ್ತಾಗಿಲ್ಲ.

ನಿಮ್ಮೂರಿನ ಸ್ಟೇಶನ್ನಿಗೂ ‘ರೋಡ್’ ಬಾಲ ಇದೆಯಾ? ಇಳಿದ ಮೇಲೆ ಮನೆಗೆ ಎಷ್ಟು ದೂರ? ಪುರುಸೊತ್ತಾದಾಗ ಬರೆಯಿರಿ, ಕಾಕಾನಿಗೂ ಓದಿ ಹೇಳುತ್ತೇನೆ.